ಟೆಕ್ಸಾಸ್‌ನಲ್ಲಿ ಬದುಕು ಹಸನೇ? ಹಾಸನದ ಓದುಗರಿಗೆ ಉತ್ತರ

ಮಾನ್ಯರೆ,

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಬಾಡಿಗೆ ಮನೆಯಲ್ಲಿರುವ ನಿಮ್ಮ ಮಗ ಮತ್ತು ಸೊಸೆ ಡಲ್ಲಾಸ್ ಬಳಿಯ ಫ್ರಿಸ್ಕೊಗೆ ಹೋಗುವ ಯೋಚನೆಯಲ್ಲಿದ್ದಾರೆಂದೂ, ರಾಜ್ಯದ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸ್‌ನಲ್ಲಿ ಬದುಕು ಕ್ಯಾಲಿಫೋರ್ನಿಯಾಕ್ಕಿಂತ ಹಸನಾಗಿರುತ್ತದೆಂಬ ಮಗನ ಮಾತು ನಿಜವೇ ಎಂದೂ ಕೇಳಿದ್ದೀರಿ. ಮೊಮ್ಮಗುವಿನ ನಿರೀಕ್ಷೆಯಿದೆ, ವರ್ಷಕ್ಕೆ ಕೆಲವು ತಿಂಗಳು ನೀವಿಬ್ಬರೂ ಅಲ್ಲಿರುವಿರಿ ಎಂದೂ ಬರೆದಿದ್ದೀರಿ. ನನ್ನ ಉತ್ತರಕ್ಕೆ ಈ ಕೊನೆಯ ಮಾತೇ ಮುಖ್ಯ.

ತೆರಿಗೆಯ ವಿಷಯದಲ್ಲಿ ಮಗ ಹೇಳಿದ್ದು ಅರ್ಧ ಸರಿ. ಕ್ಯಾಲಿಫೋರ್ನಿಯಾದಲ್ಲಿ ಆದಾಯ ತೆರಿಗೆಯ ದರ ಹೆಚ್ಚಿನ ವರಮಾನದವರಿಗೆ ಶೇ. 13.3ರವರೆಗೂ ಏರುತ್ತದೆ, ಟೆಕ್ಸಾಸ್‌ನ ಮತದಾರರು ಅಂಥ ತೆರಿಗೆಯನ್ನು 2019ರಲ್ಲಿ ಸಂವಿಧಾನದಲ್ಲೇ ನಿಷೇಧಿಸಿದರು. ಆದರೆ ಶಾಲೆಗಳನ್ನು ನಡೆಸಲು ಹಣ ಎಲ್ಲಿಂದಲಾದರೂ ಬರಲೇಬೇಕಲ್ಲ! ಅದು ಬರುವುದು ಬಹುಪಾಲು ಮನೆಯ ಮೇಲಿನ ತೆರಿಗೆಯಿಂದ. ಫ್ರಿಸ್ಕೊದಂಥ ಊರುಗಳಲ್ಲಿ ಅದು ಮನೆಯ ಬೆಲೆಯ ಶೇ. 1.5ರಿಂದ 2ರಷ್ಟಾಗುತ್ತದೆ, ಸ್ವಂತ ವಾಸದ ಮನೆಗೂ ತೆರಿಗೆಗೆ ಒಳಪಡುವ ಮೌಲ್ಯ ವರ್ಷಕ್ಕೆ ಶೇ. 10ರವರೆಗೆ ಏರಬಹುದು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ 13ನೆಯ ಪ್ರಸ್ತಾವವೆಂಬ ನಿಯಮದಿಂದಾಗಿ ಈ ಏರಿಕೆ ಮನೆ ಮಾರಾಟವಾಗುವವರೆಗೆ ವರ್ಷಕ್ಕೆ ಶೇ. 2ನ್ನು ಮೀರುವಂತಿಲ್ಲ. ಹೀಗಿದ್ದರೂ ಫ್ರೀಮಾಂಟ್‌ನಲ್ಲಿ ಒಂದು ಮನೆಗೆ ಕೊಡುವ ಹಣದ ಅರ್ಧದಷ್ಟರಲ್ಲೇ ಫ್ರಿಸ್ಕೊದಲ್ಲಿ ಅದಕ್ಕಿಂತ ದೊಡ್ಡ ಮನೆ ಸಿಗುತ್ತದೆಂಬುದು ನಿಜ. ಟೆಕ್ಸಾಸ್‌ಗೆ ಹೋಗಲು ಸರಿಯಾದ ಕಾರಣವೆಂದರೆ ಮನೆಯ ಬೆಲೆಯೇ ಹೊರತು ಆದಾಯ ತೆರಿಗೆಯಲ್ಲ.

ಇನ್ನು ಸರಾಸರಿಗಳು. ಸರ್ಕಾರದ ಸಾಮಾನ್ಯ ಅಳತೆಯಲ್ಲಿ ಬಡವರ ಪ್ರಮಾಣ ಟೆಕ್ಸಾಸ್‌ನಲ್ಲೇ ಹೆಚ್ಚು. ಬಾಡಿಗೆಯ ಹೊರೆಯನ್ನೂ ಸೇರಿಸಿ ಅಳೆದರೆ ಅದು ಕ್ಯಾಲಿಫೋರ್ನಿಯಾದಲ್ಲೇ ಹೆಚ್ಚಾಗುತ್ತದೆ. ಆರೋಗ್ಯ ವಿಮೆಯಿಲ್ಲದವರ ಪ್ರಮಾಣದಲ್ಲಿ ಟೆಕ್ಸಾಸ್‌ನದು ದೇಶದಲ್ಲೇ ಮೊದಲ ಸ್ಥಾನ. 2020ರ ಲೆಕ್ಕದಂತೆ ನಿರೀಕ್ಷಿತ ಆಯುಷ್ಯ ಕ್ಯಾಲಿಫೋರ್ನಿಯಾದಲ್ಲಿ 79 ವರ್ಷ, ಟೆಕ್ಸಾಸ್‌ನಲ್ಲಿ 76.5. ಕಂಪನಿಯ ವಿಮೆಯಿರುವ ನಿಮ್ಮ ಮಗನ ಮನೆಗೆ ಈ ಅಂತರ ಸದ್ಯಕ್ಕೆ ತಟ್ಟದು. ಆದ್ದರಿಂದ ಇವುಗಳನ್ನಿಟ್ಟುಕೊಂಡು ಅವರನ್ನು ಹೆದರಿಸುವುದು ಬೇಡ.

ತಟ್ಟುವ ಸಂಗತಿ ಬೇರೆಯಿದೆ. ಮಗುವಾದಾಗ ತಾಯಿಗೂ ತಂದೆಗೂ ತಲಾ 8 ವಾರದವರೆಗೆ ರಜೆಯಲ್ಲಿ ಸಂಬಳದ ಬಹುಭಾಗವನ್ನು ಕೊಡಿಸುವ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಇದೆ. ಟೆಕ್ಸಾಸ್‌ನಲ್ಲಿ ಖಾಸಗಿ ನೌಕರರಿಗೆ ರಾಜ್ಯದ ಅಂಥ ವ್ಯವಸ್ಥೆಯಿಲ್ಲ, ಕಂಪನಿ ಕೊಟ್ಟರೆ ಉಂಟು. ಅಲ್ಲದೆ 2022ರಿಂದ ಅಲ್ಲಿ ತಾಯಿಯ ಪ್ರಾಣಕ್ಕೆ ಅಪಾಯವಿರುವಂಥ ಸಂದರ್ಭ ಬಿಟ್ಟರೆ ಗರ್ಭಪಾತಕ್ಕೆ ಬಹುತೇಕ ಅವಕಾಶವಿಲ್ಲ. ಬಸಿರಿನಲ್ಲಿ ತೊಡಕು ಬಂದರೆ ವೈದ್ಯರ ಕೈ ಎಲ್ಲಿ ಕಟ್ಟಿಹೋಗುತ್ತದೆಂಬುದನ್ನು ಸೊಸೆ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಮಗನ ಲೆಕ್ಕದಲ್ಲಿ ಇದೆಲ್ಲ ಸೇರಿದಂತಿಲ್ಲ. ಸೊಸೆಯ ಅಭಿಪ್ರಾಯವೇನೆಂದು ನಿಮ್ಮ ಪತ್ರದಲ್ಲೂ ಇಲ್ಲ.

ನಿಮ್ಮಿಬ್ಬರ ವಿಷಯಕ್ಕೆ ಬಂದರೆ, ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲಿದೆ, ಹವೆ ಹಿತ. ಕಾರು ಓಡಿಸದ ಹಿರಿಯರೂ ಹೊರಗೆ ಹೋಗಿ ಬರಬಹುದು. ಫ್ರಿಸ್ಕೊ ಊರು ಡಲ್ಲಾಸ್‌ನ ಡಾರ್ಟ್ ಸಾರಿಗೆ ಸಂಸ್ಥೆಗೆ ಸೇರಿಯೇ ಇಲ್ಲ. ಜುಲೈ, ಆಗಸ್ಟ್‌ಗಳಲ್ಲಿ ಉಷ್ಣತೆ 38 ಡಿಗ್ರಿ ದಾಟುವುದು ಅಲ್ಲಿ ಮಾಮೂಲು, ಆಗ ಹಗಲು ಮಗ ಕೆಲಸ ಮುಗಿಸಿ ಬರುವವರೆಗೆ ನೀವು ಎ.ಸಿ. ಹಾಕಿದ ಮನೆಯೊಳಗೇ. ದೇವಸ್ಥಾನ, ಕನ್ನಡ ಸಂಘ ಎರಡೂ ಕಡೆ ಇವೆ. ಡಲ್ಲಾಸ್ ಕಡೆ ಅಲ್ಲಿಗೆ ಹೋಗಲು ಮಾತ್ರ ಯಾರಾದರೂ ಕಾರು ತೆಗೆಯಬೇಕು.

ಪ್ರಕೃತಿಯ ಕಾಟ ಎರಡೂ ಕಡೆ ಇದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿನ ಕಾಳ್ಗಿಚ್ಚಿನಲ್ಲಿ 85 ಜನ ಸತ್ತರು. ನೆರೆರಾಜ್ಯಗಳ ಜಾಲದಿಂದ ಬಹುಮಟ್ಟಿಗೆ ಬೇರೆಯಾಗಿರುವ ಟೆಕ್ಸಾಸ್‌ನ ವಿದ್ಯುತ್ ಜಾಲ 2021ರ ಫೆಬ್ರವರಿಯ ಚಳಿಗೆ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು.

ನನ್ನನ್ನು ಕೇಳಿದರೆ, ಸ್ವಂತ ಮನೆಯೇ ಅವರ ದೊಡ್ಡ ಆಸೆಯಾಗಿದ್ದರೆ ಹೋಗಲಿ, ಆದರೆ ಹೆರಿಗೆಯೂ ರಜೆಯೂ ಕ್ಯಾಲಿಫೋರ್ನಿಯಾದಲ್ಲೇ ಮುಗಿಯಲಿ. ಫ್ರಿಸ್ಕೊದಲ್ಲೂ ಮೊದಲು ಬಾಡಿಗೆಗಿದ್ದು, ನೀವಿಬ್ಬರೂ ಅಲ್ಲಿರುವ ಒಂದು ಬೇಸಿಗೆಯನ್ನು ಕಳೆದ ಮೇಲೆಯೇ ಮನೆಗೆ ಮುಂಗಡ ಕೊಡಲಿ.

— ಸಂಪಾದಕ