ಬಾಗಿಲಿಗೆ ಫಲಕ, ಸೊಂಟಕ್ಕೆ ಪಿಸ್ತೂಲು

ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ ನೀಡುವ ಈ ಅಂಕಣಕ್ಕೆ ಅಮೆರಿಕದಿಂದ ಬಂದ ಮೂರು ಪತ್ರಗಳು ಒಂದೇ ವಿಷಯವನ್ನು ಕುರಿತವಾದ್ದರಿಂದ, ಈ ಸಂಚಿಕೆಯನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಮಡಿಕೇರಿಯ ನಿವೃತ್ತ ಅಧ್ಯಾಪಕ. ಪತ್ನಿಯೊಡನೆ ಪ್ರವಾಸಿ ವೀಸಾದಲ್ಲಿ ಟೆಕ್ಸಾಸಿನ ಡಲ್ಲಾಸ್ ಸಮೀಪ ಮಗಳ ಮನೆಗೆ ಬಂದಿದ್ದೇನೆ. ಗ್ರೀನ್ ಕಾರ್ಡ್ ಇರುವ ಅಳಿಯ ಇಲ್ಲಿನ ಸರ್ಕಾರದಿಂದ ಲೈಸೆನ್ಸ್ ಪಡೆದು, ಪಿಸ್ತೂಲನ್ನು ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾನೆ. ಕಳೆದ ವಾರ ಒಂದು ಅಂಗಡಿಯ ಗಾಜಿನ ಬಾಗಿಲ ಮೇಲೆ, ಪಿಸ್ತೂಲು ಇಟ್ಟುಕೊಂಡು ಒಳಗೆ ಬರಬಾರದೆಂಬ ದೊಡ್ಡ ಫಲಕ ಇಂಗ್ಲಿಷಿನಲ್ಲೂ ಸ್ಪ್ಯಾನಿಷ್‌ನಲ್ಲೂ ಇತ್ತು. ಅದನ್ನು ತೋರಿಸಿದಾಗ ‘ಮಾವ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಬನ್ನಿ’ ಎಂದು ಒಳಗೆ ಹೋದ. ನಾನು ಪೇಚಾಡಿದ್ದನ್ನು ಕಂಡು, ಮರುದಿನ ಇನ್ನೊಂದು ಅಂಗಡಿಯ ಮುಂದೆ ಪಿಸ್ತೂಲನ್ನು ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟು, ‘ನೀವು ಇಲ್ಲೇ ಕೂತಿರಿ’ ಎಂದು ತಾನೊಬ್ಬನೇ ಹೋಗಿ ಬಂದ. ಕೊಡಗಿನವನಾದ ನನಗೆ ಕೋವಿ ಹೊಸತಲ್ಲ. ಆದರೂ ಮೊದಲ ದಿನದ್ದು ಮನಸ್ಸಿಗೆ ಸರಿಬರಲಿಲ್ಲ. ಅಳಿಯ ಮಾಡಿದ್ದು ತಪ್ಪೇ?

ಉತ್ತರ: ಮೊದಲ ದಿನದ್ದು ತಪ್ಪೇ. ಆದರೆ ತಮಗೆ ಸಮಾಧಾನವಾಗಲೆಂದು ಎರಡನೆಯ ದಿನ ಮಾಡಿದ್ದು ಅದಕ್ಕಿಂತ ಎಷ್ಟೋ ಪಾಲು ಅಪಾಯಕರವಾದುದು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಆ ದೇಶಕ್ಕೆ ಬಂದವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ತಮ್ಮ ಸ್ವಾಧೀನದಲ್ಲಿ ಇಟ್ಟುಕೊಳ್ಳುವಂತಿಲ್ಲ. ತಮ್ಮ ಪ್ರವಾಸಿ ವೀಸಾ ಈ ವರ್ಗಕ್ಕೇ ಸೇರುತ್ತದೆ. ಸ್ವಾಧೀನವೆಂದರೆ ಕೈಯಲ್ಲಿ ಹಿಡಿದಿರುವುದು ಮಾತ್ರ ಎಂದು ಅಲ್ಲಿನ ನ್ಯಾಯಾಲಯಗಳು ತಿಳಿಯುವುದಿಲ್ಲ. ವಸ್ತು ಎಲ್ಲಿದೆಯೆಂದು ಬಲ್ಲವನಿಗೆ ಅದರ ಮೇಲೆ ಹತೋಟಿಯೂ ಆ ಹತೋಟಿ ಚಲಾಯಿಸುವ ಉದ್ದೇಶವೂ ಇದ್ದರೆ, ಅದನ್ನೂ ಸ್ವಾಧೀನವೆಂದೇ ಎಣಿಸುತ್ತವೆ. ಬೀಗ ಹಾಕಿದ ಖಾನೆ ಕಣ್ಣೆದುರು, ಅದರ ಕೀಲಿ ಕೈಯಲ್ಲಿ, ಕಾವಲಿಗೆ ಕೂತವರು ತಾವು. ವಾದಿಸಲು ಸರ್ಕಾರಿ ವಕೀಲನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗದು. ನಿಷೇಧಕ್ಕೊಳಪಟ್ಟ ವ್ಯಕ್ತಿಯೆಂದು ತಿಳಿದೂ ಬಂದೂಕನ್ನು ಅವನ ವಶಕ್ಕೆ ಒಪ್ಪಿಸುವುದು ಕೂಡ ಬೇರೊಂದು ಅಪರಾಧ, ಮತ್ತು 2022ರ ತಿದ್ದುಪಡಿಯ ನಂತರ ಎರಡಕ್ಕೂ ಗರಿಷ್ಠ ಶಿಕ್ಷೆ 15 ವರ್ಷ ಸೆರೆವಾಸ. ಕಾರಿನಲ್ಲಿ ಕೂತ ಒಬ್ಬ ಅಜ್ಜನ ಮೇಲೆ ಯಾರೂ ಮೊಕದ್ದಮೆ ಹೂಡಲಿಕ್ಕಿಲ್ಲ ಎಂದು ಅಳಿಯಂದಿರು ಹೇಳಬಹುದು. ಯಾವುದೋ ಸಣ್ಣ ಅಪಘಾತಕ್ಕೆ ಪೊಲೀಸರು ಕಾರಿನ ಬಳಿ ಬಂದ ದಿನ ಆ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಇನ್ನು ಮುಂದೆ ತಾವು ಆ ಕೀಲಿಯನ್ನು ಮುಟ್ಟಬೇಡಿ.

ಈಗ ಮೊದಲ ದಿನದ ವಿಚಾರ. ಬಂದೂಕು ಹೊಂದುವ ಹಕ್ಕು ಸಂವಿಧಾನದ ಎರಡನೆಯ ತಿದ್ದುಪಡಿಯಿಂದ ಬಂದದ್ದೆಂದು ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ. ಆ ಹಕ್ಕು ಸರ್ಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಕಿರಾಣಿ ಅಂಗಡಿಯವನ ಕೈಯನ್ನಲ್ಲ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಜಾಗ ಯಾರದೋ ಅವರು ‘ಇದನ್ನು ಹಿಡಿದು ನನ್ನ ಹೊಸ್ತಿಲು ದಾಟಬೇಡ’ ಎನ್ನಬಹುದು, ಮತ್ತು ಆ ಮಾತಿಗೆ ಟೆಕ್ಸಾಸ್ ತನ್ನ ದಂಡಸಂಹಿತೆಯಲ್ಲೇ ಬಲ ಕೊಟ್ಟಿದೆ. ತಾವು ಕಂಡ ಫಲಕ ಬಹುಮಟ್ಟಿಗೆ ಆ ಸಂಹಿತೆಯ 30.06ನೆಯ ಕಲಮಿನದು, ಲೈಸೆನ್ಸ್ ಇದ್ದವರು ಮರೆಮಾಡಿದ ಪಿಸ್ತೂಲಿನೊಂದಿಗೆ ಈ ಆವರಣ ಪ್ರವೇಶಿಸಬಾರದು ಎಂಬುದು ಅದರ ಸಾರ. ಹಳೆಯ ಬೇಟೆಗಾರರಿಗೆ ಈ ಸಂಖ್ಯೆ ಓದಿದೊಡನೆ ‘ಥರ್ಟಿ ಆಟ್ ಸಿಕ್ಸ್’ ರೈಫಲ್ ತೋಟಾ ನೆನಪಾಗುತ್ತದೆ. ಆ ತೋಟಾದ ಆರು ಎಂಬುದು ಅಮೆರಿಕದ ಸೇನೆ ಅದನ್ನು ಅಂಗೀಕರಿಸಿದ 1906ನೆಯ ಇಸವಿಯದು; ಕಲಮಿಗೂ ಅದಕ್ಕೂ ಸಂಬಂಧವಿಲ್ಲ.

ಈ ಫಲಕ ಇರುವ ಅಂಗಡಿಯೊಳಗೆ ಪಿಸ್ತೂಲಿನೊಂದಿಗೆ ಕಾಲಿಟ್ಟ ಕ್ಷಣಕ್ಕೇ ಅಪರಾಧ ಪೂರ್ಣವಾಗುತ್ತದೆ. ಅದು ಯಾರಿಗಾದರೂ ಕಂಡಿತೇ ಎಂಬ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಆ ಕಲಮು ಬರೆದಿರುವುದೇ ಕಾಣದಂತೆ ಒಯ್ಯುವವರನ್ನು ಉದ್ದೇಶಿಸಿ. ‘ಕಾಣುವುದಿಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಮೇಲಿನ ಅಟ್ಟಣೆಯಿಂದ ಗೋಧಿಹಿಟ್ಟಿನ ಚೀಲ ಇಳಿಸಿಕೊಳ್ಳಲು ಎರಡೂ ಕೈ ಎತ್ತಿದಾಗ ಅಂಗಿಯ ಅಂಚು ಮೇಲೇರುತ್ತದೆ; ತಳ್ಳುಗಾಡಿಯಲ್ಲಿ ಕೂತ ಮಗುವಿನ ಚಪ್ಪಲಿ ಬಿದ್ದಿತೆಂದು ಬಗ್ಗಿದಾಗ ಬಟ್ಟೆ ಬೆನ್ನಿಗೆ ಬಿಗಿದು ಹಿಡಿಕೆಯ ಆಕಾರ ಎದ್ದು ತೋರುತ್ತದೆ. ಪಿಸ್ತೂಲು ಒಯ್ಯುವವರು ಇದನ್ನು ‘ಪ್ರಿಂಟಿಂಗ್’ ಎನ್ನುತ್ತಾರೆ. ಒಂದು ಪದವೇ ಹುಟ್ಟಿಕೊಂಡಿದೆಯೆಂದರೆ ಅದು ಅಪರೂಪದ ಸಂಗತಿಯಲ್ಲ ಎಂದು ತಾವೇ ಊಹಿಸಬಹುದು.

ಶಿಕ್ಷೆ ಕೇಳಿದರೆ ಅಳಿಯಂದಿರು ನಗಬಹುದು: ಸಾಮಾನ್ಯವಾಗಿ 200 ಡಾಲರ್ ಮೀರದ ದಂಡ. ಯಾರಾದರೂ ಬಂದು ಬಾಯಿಮಾತಿನಲ್ಲಿ ಹೊರಗೆ ಹೋಗಲು ಹೇಳಿದ ಮೇಲೂ ಹೋಗದಿದ್ದರೆ ಮಾತ್ರ ಅದು ಒಂದು ವರ್ಷದವರೆಗಿನ ಜೈಲು ಹಾಗೂ 4,000 ಡಾಲರ್‌ವರೆಗಿನ ದಂಡದ ಅಪರಾಧಕ್ಕೆ ಏರುತ್ತದೆ. ಅಲ್ಲಿ ಹುಟ್ಟಿ ಬೆಳೆದ ಪ್ರಜೆಗೆ ಲೆಕ್ಕ ಇಷ್ಟಕ್ಕೆ ಮುಗಿಯುತ್ತದೆ, ಗ್ರೀನ್ ಕಾರ್ಡ್ ಹಿಡಿದವನಿಗೆ ಮುಗಿಯುವುದಿಲ್ಲ. ಯಾವುದೇ ಕಾನೂನನ್ನು ಉಲ್ಲಂಘಿಸಿ ಬಂದೂಕು ಹೊಂದಿದ ಅಥವಾ ಒಯ್ದ ಅಪರಾಧ ಸಾಬೀತಾದ ವಿದೇಶೀಯನನ್ನು ದೇಶದಿಂದ ಹೊರಹಾಕಬಹುದು ಎಂದು ಅಮೆರಿಕದ ವಲಸೆ ಕಾಯ್ದೆ ಹೇಳುತ್ತದೆ. ಫಲಕ ಮೀರಿದ 200 ಡಾಲರಿನ ಪ್ರಕರಣ ಆ ವಾಕ್ಯದೊಳಗೆ ಬರುತ್ತದೆಯೇ ಎಂಬುದು ವಕೀಲರು ವಾದಿಸಬೇಕಾದ ಸಂಗತಿ. ಆದರೆ ಮನೆ, ಮಡದಿ, ಕೆಲಸ ಎಲ್ಲವನ್ನೂ ಪಣಕ್ಕಿಟ್ಟು ಆ ವಾದಕ್ಕೆ ಅವಕಾಶ ಮಾಡಿಕೊಡುವ ಅಗತ್ಯ ಒಂದು ಚೀಲ ಹಿಟ್ಟಿಗಾಗಿ ಇತ್ತೇ ಎಂದು ಅಳಿಯಂದಿರನ್ನು ಕೇಳಿ. ದಂಡದ ಚೀಟಿ ಬಂದರೆ ಹಣ ಕಟ್ಟಿ ಕೈತೊಳೆದುಕೊಳ್ಳುವ ಮುನ್ನ ವಲಸೆ ವಕೀಲರನ್ನು ಕಾಣಬೇಕು ಎಂಬುದನ್ನೂ ಅವರಿಗೆ ತಿಳಿಸಿ.

ಹಾಗಾದರೆ ಪಿಸ್ತೂಲನ್ನು ಏನು ಮಾಡಬೇಕು? ಅಂಥ ಅಂಗಡಿಗೆ ಹೋಗುವ ದಿನ ಮನೆಯಲ್ಲೇ ಬೀಗದೊಳಗೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಕಾರಿನಲ್ಲಿ ಬಿಡಲೇಬೇಕಾದರೆ ಆಸನದ ಚೌಕಟ್ಟಿಗೆ ಉಕ್ಕಿನ ತಂತಿಯಿಂದ ಬಿಗಿದ ಸಣ್ಣ ತಿಜೋರಿಯಲ್ಲಿ, ಹೊರಗೆ ಕಾಣದಂತೆ ಇಟ್ಟು, ಕೀಲಿಯನ್ನು ಅಳಿಯಂದಿರೇ ಜೇಬಿನಲ್ಲಿ ಇಟ್ಟುಕೊಳ್ಳಲಿ. ಡ್ಯಾಶ್‌ಬೋರ್ಡ್ ಖಾನೆಯ ಬೀಗ ಕಳ್ಳನ ಸ್ಕ್ರೂಡ್ರೈವರಿಗೆ ಎಷ್ಟು ಹೊತ್ತು ತಡೆದೀತು?

ತಾವು ಕೊಡಗನ್ನು ನೆನೆದಿರುವುದರಿಂದ ಒಂದು ಮಾತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಆದರೂ ಕೈಲ್‌ಪೊಳ್ದ್ ದಿನ ಪೂಜೆಗಿಟ್ಟ ಕೋವಿಯನ್ನು ಹೆಗಲಿಗೇರಿಸಿಕೊಂಡು ಪಕ್ಕದ ಮನೆಯೊಳಗೆ ನುಗ್ಗುವುದಕ್ಕೆ ಅದು ಅನುಮತಿಯಲ್ಲವೆಂದು ತಮಗೆ ಹೇಳಬೇಕಾಗಿಲ್ಲ. ಅಳಿಯಂದಿರಿಗೆ ತಿಳಿಸಲು ಆ ಹೋಲಿಕೆ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಷಿಕಾಗೊ ಪಕ್ಕದ ಊರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕಚೇರಿಯ ಬಾಗಿಲಿಗೂ ಹೋಟೆಲುಗಳ ಬಾಗಿಲಿಗೂ ಕೆಂಪು ವೃತ್ತದೊಳಗೆ ಪಿಸ್ತೂಲಿನ ಚಿತ್ರ ಅಡ್ಡಗೆರೆ ಎಳೆದು ಅಂಟಿಸಿರುತ್ತಾರೆ. ಸಹೋದ್ಯೋಗಿಯೊಬ್ಬ, ‘ಬಹಳ ರಾಜ್ಯಗಳಲ್ಲಿ ಇದಕ್ಕೆ ಬೆಲೆ ಇಲ್ಲ’ ಎನ್ನುತ್ತಾನೆ. ಅವನೇ ನನ್ನನ್ನು ಗುರಿ ಅಭ್ಯಾಸದ ರೇಂಜಿಗೂ ಕರೆಯುತ್ತಿದ್ದಾನೆ. ಹೋಗಬಹುದೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಹಲವು ರಾಜ್ಯಗಳಲ್ಲಿ ಫಲಕವನ್ನು ಮೀರುವುದೇ ಅಪರಾಧವಾಗದೆ, ಹೊರಡಲು ಹೇಳಿದ ಮೇಲೂ ನಿಂತಾಗ ಮಾತ್ರ ಅತಿಕ್ರಮ ಪ್ರವೇಶದ ಅಪರಾಧವಾಗುತ್ತದೆ. ಷಿಕಾಗೊ ಇರುವ ಇಲಿನಾಯ್ ರಾಜ್ಯ ಆ ಗುಂಪಿಗೆ ಸೇರಿಲ್ಲ. ಅಲ್ಲಿ 2013ರ ಕಾಯ್ದೆಯಂತೆ, ರಾಜ್ಯ ಪೊಲೀಸರು ನಿಗದಿಪಡಿಸಿದ 4 ಇಂಚು ಅಗಲ 6 ಇಂಚು ಉದ್ದದ ಆ ಚಿತ್ರಕ್ಕೇ ಕಾನೂನಿನ ಬಲವಿದೆ. ಇನ್ನೊಂದು ತುದಿಯಲ್ಲಿ ಹವಾಯಿ ಇದೆ: 2022ರಲ್ಲಿ ಸುಪ್ರೀಂ ಕೋರ್ಟು, ಪಿಸ್ತೂಲು ಒಯ್ಯಲು ವಿಶೇಷ ಕಾರಣ ಕೇಳುತ್ತಿದ್ದ ನ್ಯೂಯಾರ್ಕಿನ ಲೈಸೆನ್ಸ್ ನಿಯಮವನ್ನು ರದ್ದುಮಾಡಿದ ನಂತರ ಆ ರಾಜ್ಯ 2023ರಲ್ಲಿ ಲೆಕ್ಕವನ್ನೇ ತಿರುಗಿಸಿ, ಮಾಲೀಕ ಸ್ಪಷ್ಟವಾಗಿ ಒಪ್ಪದ ಹೊರತು ಅಂಗಡಿಯೊಳಗೆ ಬಂದೂಕು ಒಯ್ಯಬಾರದು ಎಂದು ಶಾಸನ ಮಾಡಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 2025ರಲ್ಲಿ ವಿಚಾರಣೆಗೆ ಎತ್ತಿಕೊಂಡಿತು. ಹೀಗೆ ರಾಜ್ಯದ ಗಡಿ ದಾಟಿದೊಡನೆ ಅದೇ ಬಾಗಿಲ ಅರ್ಥ ಬದಲಾಗುತ್ತದೆ.

ನಿಮ್ಮ ಮಟ್ಟಿಗೆ ಇದೆಲ್ಲ ಬರಿಯ ತಿಳಿವಳಿಕೆ. ಎಚ್-1ಬಿ ಕೂಡ ವಲಸೆಯೇತರ ವೀಸಾ ಆದ್ದರಿಂದ ಮೇಲಿನ ಪತ್ರದವರಿಗೆ ಹೇಳಿದ ನಿಷೇಧ ನಿಮಗೂ ಅನ್ವಯಿಸುತ್ತದೆ, ಅವಲಂಬಿತರ ಎಚ್-4 ವೀಸಾದಲ್ಲಿ ಮಡದಿ ಇದ್ದರೆ ಅವರಿಗೂ. ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿದು ಹತ್ತು ಗುಂಡು ಹಾರಿಸುವುದೂ ಸ್ವಾಧೀನವೇ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಈ ನಿಷೇಧದಿಂದ ವಿನಾಯಿತಿ ಉಂಟು. ಅದನ್ನು ನೆಚ್ಚಿ ಹೆಜ್ಜೆ ಇಡುವವರು ಮೊದಲು ವಕೀಲರಿಂದ ಬರಹದಲ್ಲಿ ಸಲಹೆ ಪಡೆಯಲಿ. ಸಹೋದ್ಯೋಗಿಯ ಭರವಸೆ ಸಾಲದು.

ಪ್ರಶ್ನೆ: ಟೆಕ್ಸಾಸಿನ ಆಸ್ಟಿನ್‌ನಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ಅಡ್ಡಗೆರೆಯ ಪಿಸ್ತೂಲಿನ ಸ್ಟಿಕ್ಕರ್ ತಂದು ಅಂಟಿಸಿದ್ದೇವೆ. ಇಷ್ಟು ಸಾಕೇ? ಗಿರಾಕಿಗಳೊಡನೆ ಜಗಳವಾಗದಂತೆ ಕೆಲಸದವರಿಗೆ ಏನು ಹೇಳಬೇಕು?

ಉತ್ತರ: ಇಲಿನಾಯ್‌ನಲ್ಲಿ ಸಾಕು, ನಿಮ್ಮಲ್ಲಿ ಸಾಲದು. ಲೈಸೆನ್ಸ್ ಇದ್ದವರನ್ನು ಕಟ್ಟಿಹಾಕಲು ಟೆಕ್ಸಾಸಿನಲ್ಲಿ ಕಾನೂನು ಕೊಟ್ಟ ವಾಕ್ಯವೇ ಬೇಕು: ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಎದ್ದುಕಾಣುವ ಬಣ್ಣದಲ್ಲಿ, ಒಂದಿಂಚಿಗೆ ಕಡಿಮೆಯಿಲ್ಲದ ಎತ್ತರದ ಅಕ್ಷರಗಳಲ್ಲಿ, ಒಳಬರುವವರಿಗೆ ಕಾಣುವಂತೆ. ಅದೂ ಒಂದು ಫಲಕಕ್ಕೆ ಮುಗಿಯುವುದಿಲ್ಲ. ಮರೆಮಾಡಿ ಒಯ್ಯುವ ಲೈಸೆನ್ಸುದಾರರಿಗೆ 30.06, 2016ರಿಂದ ಲೈಸೆನ್ಸುದಾರರು ಬಹಿರಂಗವಾಗಿ ಒಯ್ಯಬಹುದಾದ್ದರಿಂದ ಅವರಿಗೆ 30.07, 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದ ಅರ್ಹರು ಲೈಸೆನ್ಸೇ ಇಲ್ಲದೆ ಪಿಸ್ತೂಲು ಒಯ್ಯಬಹುದಾದ್ದರಿಂದ ಅವರಿಗೆ 30.05. ಮೂರನ್ನೂ ಹಾಕಿದರೆ ಗಾಜಿನ ಬಾಗಿಲಿನಲ್ಲಿ ‘ಹೊಸ ಸೋನಾ ಮಸೂರಿ ಬಂದಿದೆ’ ಎಂದು ಬರೆಯಲು ಜಾಗ ಉಳಿಯುವುದಿಲ್ಲ ಎಂಬ ನಿಮ್ಮ ಅಳಲು ನನಗೆ ಈಗಲೇ ಕೇಳಿಸುತ್ತಿದೆ. ಸಣ್ಣ ಅಂಗಡಿಗಳವರು ಫಲಕದ ಗೋಜಿಗೇ ಹೋಗದಿರಲು ಇದೂ ಒಂದು ಕಾರಣ.

ದೊಡ್ಡ ಕಂಪನಿಗಳು ಹಿಡಿದ ದಾರಿ ಬೇರೆ. 2013ರಲ್ಲಿ ಸ್ಟಾರ್‌ಬಕ್ಸ್, ದಯವಿಟ್ಟು ಬಂದೂಕು ತರಬೇಡಿ ಎಂದು ಗಿರಾಕಿಗಳಿಗೆ ಬಹಿರಂಗ ಪತ್ರದಲ್ಲಿ ಕೇಳಿಕೊಂಡಿತು. 2019ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಎಲ್ ಪಾಸೊ ನಗರದ ತನ್ನ ಮಳಿಗೆಯಲ್ಲಿ ಹತ್ಯಾಕಾಂಡ ನಡೆದ ನಂತರ ವಾಲ್‌ಮಾರ್ಟ್, ಬಹಿರಂಗವಾಗಿ ಒಯ್ಯಬೇಡಿ ಎಂದಷ್ಟೇ ಕೋರಿತು. ಲೈಸೆನ್ಸ್ ಪಡೆದು ಮರೆಮಾಡಿ ಒಯ್ಯುವವರ ತಂಟೆಗೆ ಹೋಗಲಿಲ್ಲ. ಎರಡೂ ವಿನಂತಿಗಳೇ. ಬಂದೂಕು ಹಿಡಿದವನ ಮುಂದೆ ನಿಯಮ ಓದಿ ಹೇಳುವ ಕೆಲಸ ಸಂಬಳಕ್ಕೆ ದುಡಿಯುವ ಹುಡುಗನ ತಲೆಗೆ ಬೀಳಬಾರದು ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬೇಕು ಎಂದು ನನಗನಿಸುತ್ತದೆ, ಮತ್ತು ಆ ಲೆಕ್ಕಾಚಾರ ತಪ್ಪೆಂದು ನಾನು ಹೇಳಲಾರೆ.

ಆದ್ದರಿಂದ ಕೆಲಸದವರಿಗೆ ಹೀಗೆ ಹೇಳಿ: ಯಾರ ಸೊಂಟದಲ್ಲಾದರೂ ಪಿಸ್ತೂಲು ಕಂಡರೆ ತಾವಾಗಿ ಮಾತಿಗಿಳಿಯದೆ ನಿಮ್ಮನ್ನು ಕರೆಯಲಿ. ನೀವು ಬಂದು, ದನಿ ಏರಿಸದೆ, ‘ಇದನ್ನು ಕಾರಿನಲ್ಲಿಟ್ಟು ಬನ್ನಿ, ನಿಮ್ಮ ಸಾಮಾನು ಇಲ್ಲೇ ಇರುತ್ತದೆ’ ಎನ್ನಿ. ಬಾಯಿಮಾತಿನ ಸೂಚನೆಯೂ ಕಾನೂನಿನಂತೆ ಸೂಚನೆಯೇ. ಒಪ್ಪದಿದ್ದರೆ ಹಿಂದೆ ಸರಿದು 911ಕ್ಕೆ ಕರೆ ಮಾಡಿ. ನಿಮ್ಮ ಕೆಲಸದವರಲ್ಲೇ ಯಾರಾದರೂ ಪಿಸ್ತೂಲು ತರುವವರಿದ್ದರೆ ಅಂಗಡಿಯೊಳಗೆ ಬೇಡವೆನ್ನಲು ನಿಮಗೆ ಅಧಿಕಾರವಿದೆ. ಆದರೆ 2011ರ ಕಾನೂನಿನಂತೆ, ಕಾನೂನುಬದ್ಧವಾಗಿ ಹೊಂದಿದ ಬಂದೂಕನ್ನು ಪಾರ್ಕಿಂಗ್ ಜಾಗದಲ್ಲಿ ಬೀಗ ಹಾಕಿದ ಅವರ ಸ್ವಂತ ಕಾರಿನೊಳಗೆ ಇಡುವುದನ್ನು ಸಾಮಾನ್ಯವಾಗಿ ಮಾಲೀಕರು ತಡೆಯುವಂತಿಲ್ಲ. ಫಲಕವನ್ನು ಕನ್ನಡದಲ್ಲೂ ಬರೆಸಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ಕಾನೂನಿನ ಬಲವಿಲ್ಲ; ಬರೆಸಿದರೆ ಯಾರ ಅಡ್ಡಿಯೂ ಇಲ್ಲ.