ಸಂಪಾದಕರ ಉತ್ತರ: ಮೊದಲು ಮನೆಯ ಮದ್ದಿನ ಡಬ್ಬಿ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

‘ಗಂಡ ಗಲ್ಫಿನಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ. ಹೋದ ವಾರ ಬಟ್ಟೆ ಒಗೆಯಲು ಹಾಕುವಾಗ ಅವನ ಪ್ಯಾಂಟಿನ ಕಿಸೆಯಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಅಲ್ಪ್ರಜೋಲಾಮ್ ಎಂದಿತ್ತು. ಹತ್ತರಲ್ಲಿ ಆರು ಉಳಿದಿತ್ತು. ಇನ್ನೂ ಅವನ ಹತ್ತಿರ ಕೇಳಿಲ್ಲ. ಅತ್ತೆಗೆ ನಿದ್ದೆ ಮಾತ್ರೆ ಇದೆ, ಅದರ ಹೆಸರು ನಾನು ನೋಡಿದವಳಲ್ಲ. ಶಾಲೆಯಲ್ಲಿ ಎಂಡಿಎಂಎ ಎಂಬ ಅಮಲು ಪದಾರ್ಥದ ಬಗ್ಗೆ ಕ್ಲಾಸು ಮಾಡಿದ್ದರಂತೆ, ಅದೂ ಮಲಯಾಳದಲ್ಲಿ. ಮಕ್ಕಳು ಹಿಂದೆ ಕೂತು ನಗಾಡಿದ್ದಾರೆ. ಸಿಕ್ಕಿಬಿದ್ದ ಹುಡುಗರ ಫೋಟೋ, ಹಲ್ಲು ಹಾಳಾದವರ ಫೋಟೋ ನಿಮ್ಮ ಪತ್ರಿಕೆಯಲ್ಲಿ ಹಾಕಿ, ಹೆದರಿಯಾದರೂ ದೂರ ಇರಲಿ. ಮಗನನ್ನು ಆಸ್ಪತ್ರೆಗೆ ಕರಕೊಂಡು ಹೋದರೆ ಕೇಸಾಗುತ್ತದೆಯೇ?’

ಅಕ್ಕಾ,

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಆ ಹೆದರಿಕೆಯಲ್ಲೇ ನೀವು ಒಂದು ವಾರ ಬಾಯಿ ಮುಚ್ಚಿ ಕೂತಿದ್ದೀರಿ ಎಂದು ಪತ್ರದ ಒಂದೊಂದು ಸಾಲೂ ಹೇಳುತ್ತಿದೆ. ಚಿಕಿತ್ಸೆಗೆ ಹೋದ ಕಾರಣಕ್ಕೆ ಕೇಸಾಗುವುದಿಲ್ಲ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಗೋ ಅಲ್ಪ ಪ್ರಮಾಣದ ಮಾಲಿಗೋ ಸಿಕ್ಕಿಬಿದ್ದ ವ್ಯಸನಿ ಕೂಡ ತಾನಾಗಿ ಮುಂದೆ ಬಂದು ಸರಕಾರದ ಅಥವಾ ಸರಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ನಿಮ್ಮ ಮಗ ಹದಿನೆಂಟು ತುಂಬದ ಹುಡುಗ. ವೈದ್ಯರ ಸೂಚನೆಯಿಲ್ಲದೆ ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಕಾನೂನಿನ ಕಣ್ಣು ಮೊದಲು ಕೊಟ್ಟವನ ಮೇಲೆ.

ಇನ್ನು ಆ ಮಾತ್ರೆ. ಅಲ್ಪ್ರಜೋಲಾಮ್ ವಿಪರೀತ ಗಾಬರಿ, ಆತಂಕಕ್ಕೆ ಕೊಡುವ ಮದ್ದು. ಡಾಕ್ಟರರ ಚೀಟಿ ಇಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್‌ನಿಂದ ಇದು ಶೆಡ್ಯೂಲ್ ಎಚ್1 ಎಂಬ ಕಟ್ಟುನಿಟ್ಟಿನ ಮದ್ದುಗಳ ಪಟ್ಟಿಯಲ್ಲಿದೆ. ಅಂಗಡಿಯವರು ಚೀಟಿ ಬರೆದ ಡಾಕ್ಟರರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹುಡುಗರ ಬಾಯಲ್ಲಿ ಓಡಾಡುವ ನೈಟ್ರಜೆಪಾಮ್, ನೋವಿನ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಎಲ್ಲವೂ ಇದೇ ಪಟ್ಟಿಯವು.

ಒಂದು ವಿಷಯದಲ್ಲಿ ಅವಸರ ಮಾಡಬೇಡಿ. ಅವನು ಎಷ್ಟು ಸಮಯದಿಂದ ತಿನ್ನುತ್ತಿದ್ದಾನೆ ಎಂದು ನಿಮಗೆ ಗೊತ್ತಿಲ್ಲ. ವಾರಗಟ್ಟಲೆ ದಿನವೂ ನುಂಗಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ಸೆಳೆತ, ಅಪಸ್ಮಾರದಂಥ ಫಿಟ್ಸ್ ಬರಬಹುದು. ಹಾಗಾಗಿ ಬೀಗ ಹಾಕಿ ಕೂರಿಸುವುದಕ್ಕಿಂತ ಮೊದಲು ಡಾಕ್ಟರರನ್ನು ಕಾಣಬೇಕು, ನಿಲ್ಲಿಸುವ ಕ್ರಮವನ್ನು ಅವರು ಹೇಳಬೇಕು. ಈ ಮಾತ್ರೆಯ ಜೊತೆಗೆ ಮದ್ಯವೋ ನೋವಿನ ಬಲವಾದ ಮಾತ್ರೆಯೋ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಎಬ್ಬಿಸಿದರೂ ಏಳುತ್ತಿಲ್ಲ, ತುಟಿ ನೀಲಿಯಾಗಿದೆ ಅಂತ ಕಂಡರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತಿಂದಿದ್ದಾನೆ ಎಂದು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಫೋಟೋ ವಿಷಯಕ್ಕೆ ಬರುತ್ತೇನೆ. ಹಾಕುವುದಿಲ್ಲ, ಅಕ್ಕಾ. ಪ್ರಕರಣದಲ್ಲಿ ಸಿಕ್ಕ ಮಕ್ಕಳ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಹಾಕುತ್ತಿರಲಿಲ್ಲ. ಹದಿನೈದನೇ ವಯಸ್ಸಿಗೆ ಊರಿಡೀ ‘ಅವನಾ’ ಎಂದು ಬೆರಳು ತೋರಿಸಿದ ಮೇಲೆ ಆ ಹುಡುಗನಿಗೆ ಸೇರಿಕೊಳ್ಳಲು ಉಳಿಯುವ ಗುಂಪು ಒಂದೇ.

ಹಲ್ಲು ಹಾಳಾದ ಮುಖಗಳ ಕತೆಯೂ ಅಷ್ಟೇ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯೂ ಅಂಥ ಚಿತ್ರ ಹಾಕಿತ್ತು. ಒಳ್ಳೆಯದೆಂದೇ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 2005ರಿಂದ ಮೆಥಾಂಫೆಟಮೈನ್ ಎಂಬ ಅಮಲು ಪದಾರ್ಥದ ವಿರುದ್ಧ ಇಂಥದೇ ಭೀಕರ ಜಾಹೀರಾತುಗಳನ್ನು ಟಿವಿಯಲ್ಲೂ ದಾರಿಬದಿಯ ಬೋರ್ಡುಗಳಲ್ಲೂ ತುಂಬಿಸಿದರು. ಬಳಕೆ ಇಳಿಯಿತು ಎಂದು ಸಂಭ್ರಮಪಟ್ಟರು. ಆಮೇಲೆ ಅಂಕಿಗಳನ್ನು ಬಿಡಿಸಿ ನೋಡಿದಾಗ, ಇಳಿತ ಜಾಹೀರಾತಿಗೆ ಮೊದಲೇ ಶುರುವಾಗಿತ್ತು, ಜಾಹೀರಾತಿನಿಂದಲೇ ಆಯಿತು ಎನ್ನುವಂಥದ್ದು ಏನೂ ಕಾಣಲಿಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ 2013ರಲ್ಲಿ ತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಬರೇ ಹೆದರಿಸುವ ಭಾಷಣದಿಂದ ಪ್ರಯೋಜನ ಕಂಡಿಲ್ಲ ಎನ್ನುತ್ತದೆ. ಮಕ್ಕಳು ಕ್ಲಾಸಿನಲ್ಲಿ ನಗಾಡಿದ್ದಕ್ಕೆ ಭಾಷೆ ಒಂದು ಕಾರಣ ಇರಬಹುದು. ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ, ಪಾಠಕ್ಕೆ ಕನ್ನಡ, ಜೀವ ಉಳಿಸುವ ಮಾತು ಮಾತ್ರ ಮಲಯಾಳದಲ್ಲಿ ಅಂದರೆ ಮಕ್ಕಳಿಗೆ ಅದು ಯಾರದೋ ವಿಷಯ ಅನ್ನಿಸುತ್ತದೆ. ಈ ಕ್ಲಾಸು ಕನ್ನಡದಲ್ಲಿ ಬೇಕು ಎಂದು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಆದರೂ ದೊಡ್ಡ ಕಾರಣ ಬೇರೆ ಇದೆ ಎಂದು ನನ್ನ ಅಂದಾಜು: ಫೋಟೋದಲ್ಲಿದ್ದವನಿಗೆ ಹಲ್ಲಿಲ್ಲ, ಪಕ್ಕದ ಬೆಂಚಿನ ಗೆಳೆಯನಿಗೆ ಹಲ್ಲೆಲ್ಲ ಸರಿಯಾಗಿಯೇ ಇದೆ. ಮಕ್ಕಳು ನಂಬುವುದು ಗೆಳೆಯನನ್ನು.

ನಿಜ ಸಂಗತಿಯನ್ನು ನೇರವಾಗಿ ಹೇಳಿದರೆ ಅವರು ಕೇಳುತ್ತಾರೆ. ಎಂಡಿಎಂಎ ಎನ್ನುವುದು ಮೆಥಾಂಫೆಟಮೈನ್‌ನ ರಾಸಾಯನಿಕ ದಾಯಾದಿ. ಅದರ ಪೂರ್ತಿ ಹೆಸರು ಮೆಥಿಲೀನ್‌ಡೈಆಕ್ಸಿಮೆಥಾಂಫೆಟಮೈನ್. ಆ ಉದ್ದ ಹೆಸರಿನ ಬಾಲದಲ್ಲೇ ಮೆಥಾಂಫೆಟಮೈನ್ ಇದೆ. ಪುಡಿಯೆಂದೋ ಹರಳೆಂದೋ ಕೈಗೆ ಬರುವುದರಲ್ಲಿ ಯಾವುದು ಎಷ್ಟಿದೆ ಎಂದು ಕೊಡುವವನಿಗೂ ತಿಳಿದಿರುವುದಿಲ್ಲ. ಮೆಥ್, ಅಂದರೆ ಮೆಥಾಂಫೆಟಮೈನ್, ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಸುರಿಸುತ್ತದೆ. ಎರಡು ಮೂರು ರಾತ್ರಿ ನಿದ್ದೆಯಿಲ್ಲ, ಹಸಿವಿಲ್ಲ, ಹಲ್ಲು ಕಡಿಯುವುದು, ಆಮೇಲೆ ಇಡೀ ದಿನ ಸತ್ತ ಹಾಗೆ ಮಲಗುವುದು, ಎದ್ದರೆ ಯಾವುದರಲ್ಲೂ ರುಚಿ ಇಲ್ಲ. ಹೆಚ್ಚಾದರೆ ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಸಂಶಯ. ಈ ಚಟ ಬಿಡಿಸಲೆಂದೇ ಮಂಜೂರಾದ ಮದ್ದು ಇವತ್ತಿಗೂ ಇಲ್ಲ. ಆಪ್ತ ಸಮಾಲೋಚನೆ ಮತ್ತು ಮೂತ್ರ ಪರೀಕ್ಷೆ ಶುದ್ಧ ಬಂದಾಗಲೆಲ್ಲ ಕೊಡುವ ಚಿಕ್ಕ ಬಹುಮಾನ, ಇಂಥ ವಿಧಾನಗಳೇ ಆಧಾರ. ಹಾಗಾಗಿ ಇದನ್ನು ಮುಂಚೆಯೇ ತಡೆಯಬೇಕು ಎಂದು ನಾನು ಹಟ ಹಿಡಿದಿರುವುದು.

ಮುಂಚೆ ಅಂದರೆ ಎಷ್ಟು ಮುಂಚೆ? ಹನ್ನೊಂದು, ಹನ್ನೆರಡು ವರ್ಷಕ್ಕೆ. ಅಮೆರಿಕದ್ದೇ ಅಯೋವಾ ಎಂಬ ಇನ್ನೊಂದು ರಾಜ್ಯದಲ್ಲಿ 1990ರ ದಶಕದಲ್ಲಿ ಹಳ್ಳಿ ಶಾಲೆಗಳ ಆರನೇ ಕ್ಲಾಸಿನ ಮಕ್ಕಳನ್ನೂ ಹೆತ್ತವರನ್ನೂ ಏಳು ಸಂಜೆ ಕರೆದರು. ಮೊದಲ ಒಂದು ಗಂಟೆ ಮಕ್ಕಳು ಬೇರೆ, ದೊಡ್ಡವರು ಬೇರೆ. ಮುಂದಿನ ಗಂಟೆ ಎಲ್ಲರೂ ಒಟ್ಟಿಗೆ. ಮನೆಯ ನಿಯಮ ಯಾವುದು, ತಪ್ಪಿದರೆ ಏನು, ಸಿಟ್ಟು ಬಂದಾಗ ಮಾತಾಡುವುದು ಹೇಗೆ, ಗೆಳೆಯ ಕೊಟ್ಟದ್ದನ್ನು ಗೆಳೆತನ ಕೆಡಿಸದೆ ಬೇಡ ಅನ್ನುವುದು ಹೇಗೆ, ಇಷ್ಟೇ ಅಭ್ಯಾಸ. ಮೆಥ್‌ಗೆಂದು ಕಟ್ಟಿದ ತರಗತಿಯೇ ಅಲ್ಲ ಅದು. ಆರು ವರ್ಷ ಕಳೆದು ಆ ಮಕ್ಕಳು ಹನ್ನೆರಡನೇ ತರಗತಿಗೆ ಬಂದಾಗ ಮೆಥ್ ಮುಟ್ಟಿದವರು ಉಳಿದ ಶಾಲೆಗಳಿಗಿಂತ ಸ್ಪಷ್ಟವಾಗಿ ಕಡಿಮೆ ಇದ್ದರು.

ಓದುವಾಗ ನನಗೆ ನೆನಪಾದದ್ದು ನಮ್ಮ ಹೆಂಗಸರ ಕುಟುಂಬಶ್ರೀ ನೆರೆಕೂಟಗಳು. ವಾರಕ್ಕೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ ಕೂರುವ ಅಭ್ಯಾಸ ನಿಮಗೆ ಹೇಗೂ ಇದೆ. ಏಳು ವಾರ ಆರು ಏಳನೇ ಕ್ಲಾಸಿನ ಮಕ್ಕಳನ್ನೂ ಕೂರಿಸಿಕೊಳ್ಳಿ. ಗಲ್ಫಿನಲ್ಲಿರುವ ಅಪ್ಪಂದಿರು ಶುಕ್ರವಾರ ವಿಡಿಯೋ ಕಾಲಿನಲ್ಲಿ ಬರಲಿ. ಮುಂದಿನ ಸಂಚಿಕೆಯಿಂದ ಏಳು ಪುಟ, ಸಂಚಿಕೆಗೊಂದರಂತೆ, ಕನ್ನಡದಲ್ಲಿ ನಾವು ಕೊಡುತ್ತೇವೆ. ಕೂಟದಲ್ಲಿ ಓದಿ ನಡೆಸುವಷ್ಟು ಸರಳವಾಗಿ.

ಇನ್ನೊಂದು ಮಾತು ನಮ್ಮ ಜಿಲ್ಲೆಯ ಎಲ್ಲ ಮನೆಗಳಿಗೂ. ನಾವು ಗಡಿಯನ್ನೇ ನೋಡುತ್ತೇವೆ. ತಲಪಾಡಿ ದಾಟಿ ಬರುವ ಬಸ್ಸು, ರೈಲು, ಬೈಕು. ಅದು ತಪ್ಪಲ್ಲ. ಆದರೆ ಮಾತ್ರೆಗೆ ಗಡಿ ದಾಟುವ ಅಗತ್ಯವೇ ಇಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿರುವ ಮನೆಗಳಲ್ಲಿ ಫಿಟ್ಸಿನ ಮದ್ದಿದೆ. ಕ್ಯಾನ್ಸರ್ ಬಂದು ತೀರಿಹೋದವರ ಕಪಾಟಿನಲ್ಲಿ, ನೋವು ಕಡಿಮೆ ಮಾಡುವ ಆರೈಕೆಯ ಪ್ಯಾಲಿಯೇಟಿವ್‌ನವರು ಕೊಟ್ಟ ಮಾರ್ಫಿನ್ ಮಾತ್ರೆ ಉಳಿದಿರಬಹುದು. ಅವೆಲ್ಲ ಬೇಕಾದವರಿಗೆ ದೇವರಂಥ ಮದ್ದುಗಳು. ರೋಗಿಗೆ ಕೊಡುವುದನ್ನು ನಿಲ್ಲಿಸಬೇಡಿ. ಬೀಗ ಇರುವಲ್ಲಿ ಇಡಿ, ವಾರಕ್ಕೊಮ್ಮೆ ಎಣಿಸಿ, ಉಳಿದದ್ದನ್ನು ಕೊಟ್ಟ ಪ್ಯಾಲಿಯೇಟಿವ್ ಘಟಕಕ್ಕೇ ಹಿಂದೆ ಕೊಡಿ. ಬೀಡಿಯಾದರೆ, ಕಳ್ಳಾದರೆ ಬಾಯಿ ವಾಸನೆಯಿಂದ ಅಮ್ಮನಿಗೆ ಗೊತ್ತಾಗುತ್ತಿತ್ತು. ಮಾತ್ರೆಗೆ ವಾಸನೆ ಇಲ್ಲ. ಮದ್ದಿನಂಗಡಿಯದ್ದು ಅಲ್ವಾ, ಏನೂ ಆಗಲಿಕ್ಕಿಲ್ಲ ಎಂದು ಮಕ್ಕಳೂ ನಂಬಿಕೊಂಡಿದ್ದಾರೆ.

ಹಾಗಾಗಿ ಇವತ್ತು ಅತ್ತೆಯವರ ಡಬ್ಬಿ ತೆಗೆದು ನೋಡಿ. ಅದೇ ಹೆಸರಿದ್ದು ಲೆಕ್ಕ ತಪ್ಪಿದ್ದರೆ ನಿಮ್ಮ ಎದುರಿಗಿರುವುದು ಒಂದು ವಿಷಯ, ಡಬ್ಬಿ ಸರಿಯಾಗಿದ್ದರೆ ಹೊರಗಿನ ಕೈಯೊಂದಿದೆ ಎಂದಾಯಿತು, ಆಗ ಶಾಲೆಯವರನ್ನೂ ಸೇರಿಸಿಕೊಳ್ಳಬೇಕು. ಆಮೇಲೆ ಊಟ ಆಗಿ, ಅವನು ಸಮಾಧಾನದಲ್ಲಿರುವಾಗ ಸ್ಟ್ರಿಪ್ಪನ್ನು ಮೇಜಿನ ಮೇಲಿಡಿ. ‘ಮಗಾ, ಇದು ನಿನ್ನ ಕಿಸೆಯಲ್ಲಿತ್ತು. ನಾನು ಬೊಬ್ಬೆ ಹಾಕುವುದಿಲ್ಲ. ನಿನಗೆ ನಿದ್ದೆ ಬರುವುದಿಲ್ಲವಾ, ಏನಾದರೂ ಹೆದರಿಕೆ ಇದೆಯಾ?’ ಎಂದು ಕೇಳಿ ಸುಮ್ಮನೆ ಕೂತುಬಿಡಿ. ಅವನು ಬಾಯಿ ಬಿಡಲು ಹೊತ್ತಾಗಬಹುದು. ಪರೀಕ್ಷೆಯ ಗಾಬರಿಗೆ ತಿಂದವನೂ ಇರುತ್ತಾನೆ, ಗೆಳೆಯರ ಸವಾಲಿಗೆ ತಿಂದವನೂ ಇರುತ್ತಾನೆ, ಮದ್ದು ಇಬ್ಬರಿಗೂ ಬೇರೆ ಬೇರೆ. ಉತ್ತರ ಏನೇ ಬರಲಿ, ಈ ವಾರದೊಳಗೆ ತಾಲೂಕು ಆಸ್ಪತ್ರೆಗೆ ಹೋಗಿ ಮನೋವೈದ್ಯರ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಗಂಡನಿಗೂ ಹೇಳಿ. ಆದರೆ ಮಗನ ಎದುರು, ಫೋನ್ ಸ್ಪೀಕರಿನಲ್ಲಿಟ್ಟು ಬೇಡ. ಮೊದಲು ನೀವಿಬ್ಬರೇ ಮಾತಾಡಿಕೊಳ್ಳಿ. ಅವರು ಅಲ್ಲಿಂದ ಬೈದರೆ ಹುಡುಗ ಫೋನಿಗೇ ಬರಲಾರ. ರಜೆ ಯಾವಾಗ ಎಂದು ಕೇಳಿ ನೋಡಿ.