ನದಿಯಲ್ಲಿ ಮುಳುಗಿರುವ ಮರದ ದಿಮ್ಮಿಯನ್ನು ಹರಿಯುವ ನೀರು ಹೇಗೆ ತಳ್ಳುತ್ತದೆ?

ದಿಮ್ಮಿಯ ಮುಂಬದಿಯಲ್ಲಿ ನೀರಿನ ಒತ್ತಡ ಹೆಚ್ಚಾಗಿ ಹಿಂಬದಿಯಲ್ಲಿ ಕಡಿಮೆಯಾಗುವುದೇ ಈ ತಳ್ಳುವಿಕೆಗೆ ಮುಖ್ಯ ಕಾರಣ. ದಿಮ್ಮಿ ಹರಿವಿಗೆ ಅಡ್ಡಲಾಗಿದ್ದರೆ, ನೀರು ಅದರ ಮೈಗೆ ಉಜ್ಜುವುದರಿಂದ ಹುಟ್ಟುವ ಘರ್ಷಣೆಯ ಪಾಲು ಅತ್ಯಲ್ಪ. ಎದುರಿನಿಂದ ಬಂದ ನೀರು ದಿಮ್ಮಿಯನ್ನು ಬಳಸಿಕೊಂಡು ಸಾಗುವಾಗ ಅದರ ದುಂಡನೆಯ ಬೆನ್ನನ್ನು ಕೊನೆಯವರೆಗೂ ಅನುಸರಿಸಲಾರದೆ ಬೇರ್ಪಟ್ಟು, ಹಿಂದೆ ಸುಳಿಗಳಿಂದ ಕೂಡಿದ ಕಡಿಮೆ ಒತ್ತಡದ ಪ್ರದೇಶವನ್ನು ಉಳಿಸುತ್ತದೆ. ಆ ಸುಳಿಗಳು ಒಮ್ಮೆ ಒಂದು ಬದಿಯಿಂದ, ಮತ್ತೊಮ್ಮೆ ಇನ್ನೊಂದು ಬದಿಯಿಂದ ಕಳಚಿಕೊಳ್ಳುವುದರಿಂದ ದಿಮ್ಮಿ ಅಲುಗಾಡುವುದೂ ಉಂಟು.

ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದನ್ನು ಜನ ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ವೇಗ ಇಮ್ಮಡಿಯಾದರೆ ಪ್ರತಿ ಸೆಕೆಂಡಿಗೆ ಬಡಿಯುವ ನೀರೂ ಇಮ್ಮಡಿ, ಅದು ಬಡಿಯುವ ರಭಸವೂ ಇಮ್ಮಡಿ; ಹೀಗಾಗಿ ಬಲ ನಾಲ್ಕು ಪಟ್ಟಾಗುತ್ತದೆ. 4 ಮೀಟರ್ ಉದ್ದದ, ಅರ್ಧ ಮೀಟರ್ ವ್ಯಾಸದ ದಿಮ್ಮಿಯೊಂದು ಅಡ್ಡಲಾಗಿ ಸಿಕ್ಕಿಕೊಂಡಿದ್ದರೆ, ಸೆಕೆಂಡಿಗೆ 1 ಮೀಟರ್ ವೇಗದ ಹರಿವು ಅದರ ಮೇಲೆ ಸುಮಾರು 1,000 ನ್ಯೂಟನ್, ಅಂದರೆ ಹತ್ತಿರಹತ್ತಿರ 100 ಕಿಲೋಗ್ರಾಂ ಭಾರದಷ್ಟು ಬಲ ಹಾಕುತ್ತದೆ. ವೇಗ 2 ಮೀಟರ್ ಆದರೆ ಅದು 4,000 ನ್ಯೂಟನ್. ಅದೇ ದಿಮ್ಮಿ ಹರಿವಿನ ದಿಕ್ಕಿಗೇ ಚಾಚಿಕೊಂಡಿದ್ದರೆ ನೀರಿಗೆ ಎದುರಾಗುವ ವಿಸ್ತೀರ್ಣ ಕುಗ್ಗಿ, ಬಲವೂ ಬಹಳಷ್ಟು ತಗ್ಗುತ್ತದೆ.

ತಳದಲ್ಲಿ ಬಿದ್ದಿರುವ ದಿಮ್ಮಿಯ ಮೇಲ್ಭಾಗದಲ್ಲಿ ನೀರು ವೇಗವಾಗಿ ಹಾಯುವುದರಿಂದ ಅಲ್ಲಿ ಒತ್ತಡ ತಗ್ಗಿ, ತೇಲಿಸುವ ಬಲದ ಜೊತೆಗೆ ಅದನ್ನು ಇನ್ನಷ್ಟು ಮೇಲೆತ್ತುವ ಬಲವೂ ಸೇರಿಕೊಳ್ಳುತ್ತದೆ. ಆಗ ತಳದ ಹಿಡಿತ ಸಡಿಲವಾಗಿ, ದಿಮ್ಮಿ ಸುಲಭವಾಗಿ ಕದಲುತ್ತದೆ.